ಕಡಲ ತಳದ ಭೂಪಟ

ಕಣ್ಣಿಗೆ ಕಾಣದ ನೆಲದ ಭೂಪಟವನ್ನು ಬರೆಯುವುದು ಹೇಗೆಂದು ವಾಚಕಿಯರು ಕೇಳಬಹುದು. ಹಡಗಿನಿಂದ ಹೊರಟ ಶಬ್ದವು ಕಡಲ ತಳವನ್ನು ಮುಟ್ಟಿ ಮರುದನಿಯಾಗಿ ಹಿಂದಿರುಗುವುದು. ಹೋಗಿಬರಲು ಹಿಡಿದ ಕಾಲದಿಂದ ಆಳವನ್ನು ಲೆಕ್ಕಿಸುವರು. ಇಂತಹ ಅಂಕಿಗಳನ್ನು ಬೆಟ್ಟಕಣಿವೆಗಳಾಗಿ ಚಿತ್ರಿಸಿದವರಲ್ಲಿ ಅಮೇರಿಕದ ಮೇರಿ ಥಾರ್ಪ್ ಅವರು ಅಗ್ರಗಣ್ಯರು.

ತಂದೆಯವರು ಸರಕಾರಕ್ಕೆ ಮಣ್ಣಿನ ನಕ್ಷೆಗಳನ್ನು ಬರೆಯುತ್ತಿದ್ದವರಾದರೂ, ಈಕೆ ಕಾಲೇಜಿನಲ್ಲಿ ಮೊದಲು ಓದಿದ್ದು ಇಂಗ್ಲಿಷ್ ಮತ್ತು ಸಂಗೀತವನ್ನು. ಎರಡನೆಯ ಮಹಾಯುದ್ಧದಿಂದ ಗಂಡುಮಕ್ಕಳ ಬೆಂಚುಗಳು ಬರಿದಾಗಲು, ಮಿಚಿಗನ್ ವಿಶ್ವವಿದ್ಯಾಲಯದ ಭೂಗರ್ಭಶಾಸ್ತ್ರದ ತರಗತಿಯು ಸ್ತ್ರೀಯರಿಗೆ ತೆರೆಯಿತು. (ಯುದ್ಧವಿಲ್ಲದಿದ್ದರೆ ಆ ಬಾಗಿಲು ಎಂದು ತೆರೆಯುತ್ತಿತ್ತೋ!) ಮುಂದೆ ಗಣಿತವನ್ನೂ ಕಲಿತು, 1948ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಉದ್ಯೋಗಕ್ಕೆ ಸೇರಿದರು. ಸಂಶೋಧನೆಯ ಹಡಗನ್ನೇರಲು ಸ್ತ್ರೀಯರಿಗೆ ಆಗ ಅಪ್ಪಣೆಯಿರಲಿಲ್ಲ. ಬ್ರೂಸ್ ಹೀಜನ್ ಮೊದಲಾದವರು ಕಡಲಿನಿಂದ ತಂದ ಅಳತೆಗಳನ್ನು ಈಕೆ ಮೇಜಿನ ಮುಂದೆ ಕುಳಿತು ರೇಖೆಗಿಳಿಸಿದರು.

1952ರಲ್ಲಿ, ಅಟ್ಲಾಂಟಿಕ್ ಸಾಗರವನ್ನು ಅಡ್ಡಹಾಯುವ ಆರು ರೇಖೆಗಳನ್ನು ಒಂದರ ಕೆಳಗೊಂದಾಗಿ ಇಟ್ಟು ನೋಡಲು, ನಡುವಣ ಬೆಟ್ಟಸಾಲಿನ ನೆತ್ತಿಯಲ್ಲಿ ಸೀಳೊಂದು ಮತ್ತೆ ಮತ್ತೆ ತೋರಿತು. ಅಲ್ಲಿ ನೆಲವು ಇಬ್ಬದಿಗೂ ಸರಿಯುತ್ತಿರಬೇಕೆಂದು ಈಕೆ ತರ್ಕಿಸಿದರು. ಹೀಜನರು ಅದನ್ನು ಹುಡುಗಿಯರ ಹರಟೆಯೆಂದು ತಳ್ಳಿಹಾಕಿದರು. ಆದರೆ ಭೂಕಂಪಗಳ ಸ್ಥಾನಗಳನ್ನು ಅದೇ ಅಳತೆಯ ಪಟದಲ್ಲಿ ಗುರುತಿಸಿದಾಗ ಅವೂ ಆ ಸೀಳಿನ ಜಾಡಿನಲ್ಲಿಯೇ ಸಾಲುಗೊಂಡವು. ಹೀಜನರು ಒಪ್ಪಲೇಬೇಕಾಯಿತು. ಇಬ್ಬರೂ ಕೂಡಿ ದುಡಿದ ಸಮಸ್ತ ಸಾಗರತಳದ ಭೂಪಟವು 1977ರಲ್ಲಿ ಪೂರ್ಣವಾಯಿತು.