ಪಾದ ಜೋಮು ಹಿಡಿದರೆ ಪುಡಿ ನುಂಗಬೇಕಾ?

ನಮ್ಮ ಕಾರ್ಯಕ್ರಮಕ್ಕೆ ಹಿರಿಯರೊಬ್ಬರು ಫೋನ್ ಮಾಡಿದ್ರು. 'ಹನ್ನೆರಡು ವರ್ಷದಿಂದ ಶುಗರ್ ಮಾತ್ರೆ ನುಂಗ್ತಿದ್ದೀನಿ. ಈಗ ಪಾದ ಜೋಮು ಹಿಡಿಯುತ್ತೆ. ಟೀವಿಯಲ್ಲಿ ತೋರಿಸೋ ಆ ಪುಡಿ ತಗೊಳ್ಳಲಾ?' ಆ ಜಾಹೀರಾತು ನಮ್ಮ ಚಾನೆಲ್ಲಿನಲ್ಲೂ ಬರುತ್ತೆ. ನನಗೆ ಮುಜುಗರವಾಯಿತು.

ಯಾವ ಮಾತ್ರೆ ಸಾರ್ ಅಂದೆ. ಮೆಟ್‌ಫಾರ್ಮಿನ್ ಅಂದ್ರು. ವಿಷಯ ಇರೋದೇ ಅಲ್ಲಿ. ಅದು ಒಳ್ಳೆಯ ಔಷಧ, ಅಗ್ಗವೂ ಹೌದು. ಆದರೆ ವರ್ಷಗಟ್ಟಲೆ ತಗೊಂಡರೆ ಕೆಲವರ ಕರುಳು ವಿಟಮಿನ್ ಬಿ12 ಅನ್ನು ಸರಿಯಾಗಿ ಹೀರಿಕೊಳ್ಳೋದಿಲ್ಲ. ಬಿ12 ಸಿಗೋದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ. ಸೊಪ್ಪು, ಬೇಳೆಯಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಎರಡೂ ಕಡೆಯಿಂದ ಪೆಟ್ಟು ನೋಡಿ. ಬಿ12 ಕಡಿಮೆಯಾದರೆ ನರ ಸೊರಗುತ್ತೆ, ಪಾದ ಜೋಮು ಹಿಡಿಯುತ್ತೆ. ಶುಗರ್ ಏರಿದರೂ ಹಾಗೇ ಆಗೋದ್ರಿಂದ ರಕ್ತ ಪರೀಕ್ಷೆ ಮಾಡಿಸದೆ ಗೊತ್ತಾಗೋದಿಲ್ಲ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲೇ ಈ ಬಗ್ಗೆ ವೈದ್ಯರನ್ನು ಎಚ್ಚರಿಸಿದೆ.

ಕೊರತೆ ಇದ್ದವರಿಗೆ ಬಿ12 ಮಾತ್ರೆ, ಇಂಜೆಕ್ಷನ್ ನಿಜಕ್ಕೂ ಕೆಲಸ ಮಾಡುತ್ತೆ. ತಡವಾದರೆ ನರದ ಹಾನಿ ಹಾಗೇ ಉಳಿದುಬಿಡಬಹುದು.

ಇನ್ನು ಆ ಪುಡಿ? ಪೂರಕಗಳ ಡಬ್ಬಿ ಮೇಲೆ 'ಔಷಧೀಯ ಬಳಕೆಗಲ್ಲ' ಎಂದು ಮುದ್ರಿಸಲೇಬೇಕು ಅನ್ನುತ್ತೆ ನಮ್ಮ ದೇಶದ ನಿಯಮ. ಓದಿ ನೋಡಿ ಅಂದೆ.

'ಹಾಗಾದ್ರೆ ಮೆಟ್‌ಫಾರ್ಮಿನ್ ನಿಲ್ಲಿಸಿಬಿಡಲಾ?' ಅಂದ್ರು. ಬೇಡಿ ಸಾರ್, ಡಾಕ್ಟರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ನಾಳೆಯೇ ಹೋಗಿ ಬಿ12 ಪರೀಕ್ಷೆ ಬರೆಸಿಕೊಳ್ಳಿ ಅಂದೆ.