ಹುಟ್ಟಾಳು, ಮಣ್ಣಾಳು, ಜೀತದಾಳು: ಮಲೆನಾಡಿನ ದಾಸ್ಯವನ್ನು ಕುರಿತು

ಜೀತವೆಂಬುದು ಸಂಸ್ಕೃತದ ಜೀವಿತ ಶಬ್ದದ ತದ್ಭವ. ಹಳೆಯ ಕನ್ನಡದಲ್ಲಿ ಅದಕ್ಕೆ ಸಂಬಳ, ಜೀವನೋಪಾಯ ಎಂಬ ಅರ್ಥಗಳಿದ್ದುವು. ಇಂದು ಅದೇ ಶಬ್ದವು ಕೂಲಿಯಿಲ್ಲದ, ಬಿಟ್ಟುಹೋಗಲಾಗದ ದುಡಿಮೆಯನ್ನು ಸೂಚಿಸುತ್ತದೆ. ಶಬ್ದವೊಂದು ಹೀಗೆ ತನ್ನ ಅರ್ಥಕ್ಕೇ ವಿರೋಧವಾಗಿ ಹೊರಳಿದುದು ವೈಯಾಕರಣರಿಗಷ್ಟೇ ಅಲ್ಲ, ಸಮಾಜದ ಚರಿತ್ರೆಯನ್ನು ಅಭ್ಯಸಿಸುವವರಿಗೂ ವಿಚಾರಾರ್ಹವಾದ ಸಂಗತಿಯಾಗಿದೆ.

ದಾಸ್ಯದ ಲಕ್ಷಣವೇನೆಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 1926ರ ಅಂತಾರಾಷ್ಟ್ರೀಯ ಒಡಂಬಡಿಕೆಯು ಒಡೆತನವನ್ನೇ ಲಕ್ಷಣವಾಗಿ ಹಿಡಿಯಿತು: ವಸ್ತುವಿನ ಮೇಲೆ ನಡೆಯುವ ಅಧಿಕಾರವು ಮನುಷ್ಯನ ಮೇಲೆ ನಡೆದರೆ ಅದು ದಾಸ್ಯ. 1982ರಲ್ಲಿ ಆರ್ಲ್ಯಾಂಡೊ ಪ್ಯಾಟರ್ಸನ್ನರು ಇದನ್ನು ಒಪ್ಪದೆ, ಹಿಂಸೆಯ ಬಲ, ಹುಟ್ಟಿನ ಸಂಬಂಧಗಳಿಂದ ಕಡಿದುಹಾಕುವಿಕೆ, ಮಾನಹಾನಿ ಎಂಬ ಮೂರನ್ನು ಮುಂದಿಟ್ಟರು. ಪರದೇಶದಿಂದ ಹಡಗಿನಲ್ಲಿ ತಂದ ದಾಸರಿಗೆ ಈ ಎರಡನೆಯ ಲಕ್ಷಣ ಚೆನ್ನಾಗಿ ಒಪ್ಪುತ್ತದೆ. ನಮ್ಮ ಮಲೆನಾಡಿಗೆ ಅದು ಒಪ್ಪುವುದೇ? ಹುಲಿಕಲ್ ಘಟ್ಟದ ಮೇಲಿನ ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸೋಣ.

ಮೈಸೂರಿನ ಮಲೆನಾಡಿನಲ್ಲಿ ಎರಡು ಬಗೆಯ ದಾಸರಿದ್ದರೆಂದು ಥರ್ಸ್ಟನ್ನರ 1909ರ ಗ್ರಂಥದಲ್ಲಿ ಹೊಲೆಯರನ್ನು ಕುರಿತ ಭಾಗದಲ್ಲಿ ಹೇಳಿದೆ. ಒಡೆಯನ ಮನೆಯಲ್ಲಿಯೇ ಹುಟ್ಟಿ ವಂಶಪಾರಂಪರ್ಯವಾಗಿ ಆ ಮನೆಗೆ ಸೇರಿದವನು ಹುಟ್ಟಾಳು. ಭೂಮಿಯೊಡನೆ ಕೊಳ್ಳಲ್ಪಟ್ಟು ಮಾರಲ್ಪಡುತ್ತಿದ್ದವನು ಮಣ್ಣಾಳು. ಇಲ್ಲಿ ಪ್ಯಾಟರ್ಸನ್ನರ ಲಕ್ಷಣವು ತಲೆಕೆಳಗಾಗುತ್ತದೆಂದು ನಮ್ಮ ಅಭಿಪ್ರಾಯ. ಹುಟ್ಟಾಳನ್ನು ಹುಟ್ಟಿನಿಂದ ಕಡಿದಿರಲಿಲ್ಲ. ಹುಟ್ಟೇ ಅವನ ಸಂಕೋಲೆಯಾಗಿತ್ತು. ತಂದೆ, ತಾಯಿ, ಕೇರಿ ಎಲ್ಲವೂ ಅವನಿಗುಂಟು, ಆದರೆ ಅವೆಲ್ಲವೂ ಅದೇ ಮನೆಯ ಲೆಕ್ಕಕ್ಕೆ ಸೇರಿದುವು.

ಇದಕ್ಕೆ ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ಭೂಮಿ ಹೇರಳವಾಗಿದ್ದು ದುಡಿಯುವ ಕೈಗಳು ವಿರಳವಾದೆಡೆಯಲ್ಲಿ, ಆಳನ್ನು ಕಟ್ಟಿಹಾಕುವ ಆಸೆ ಒಡೆಯರಿಗೆ ಹೆಚ್ಚುತ್ತದೆಂದು ನೀಬೂರ್ 1900ರಲ್ಲಿಯೂ ಡೋಮರ್ 1970ರಲ್ಲಿಯೂ ಪ್ರತಿಪಾದಿಸಿದರು. ಜ್ವರಪೀಡಿತವೂ ವಿರಳಜನವೂ ಆಗಿದ್ದ ಮಲೆನಾಡಿನಲ್ಲಿ ಅಡಕೆಯ ತೋಟವು ವರ್ಷವಿಡೀ ಕೆಲಸ ಕೇಳುತ್ತದೆ. ಸೊಪ್ಪು, ಮಣ್ಣು, ಕೊನೆ ಕೊಯ್ಯುವುದು, ಸುಲಿಯುವುದು, ಒಂದೂ ಕಾಯುವುದಿಲ್ಲ.

ಶಾಸನಗಳ ಕಥೆ ಸಂಕ್ಷಿಪ್ತವಾದುದು. 1843ರ ಐದನೆಯ ಆಕ್ಟು ಕಂಪೆನಿಯ ಸೀಮೆಗಳಲ್ಲಿ ದಾಸ್ಯದ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಕೂಡದೆಂದಿತು. 1860ರ ದಂಡಸಂಹಿತೆಯು ದಾಸರ ಕ್ರಯವಿಕ್ರಯವನ್ನು ಅಪರಾಧವಾಗಿಸಿತು. ಮಣ್ಣಾಳೆಂಬ ಹೆಸರು ಕ್ರಮೇಣ ಮರೆಯಾಯಿತು. ಆದರೂ 1891ರ ಮೈಸೂರು ಜನಗಣತಿಯ ವರದಿಯು, ಪಶ್ಚಿಮ ಮಲೆನಾಡಿನ ಹಸಲರು ಏಲಕ್ಕಿ ಮುಂತಾದುವನ್ನು ತಮ್ಮ ರೂಢಿಯ ಧಣಿಗಳಿಗೆ ಕೂಡಿಟ್ಟು ಕೊಡುತ್ತ, ವಸ್ತುತಃ ಅವರ ಕೃಷಿದಾಸರೇ ಆಗಿದ್ದಾರೆಂದು ಬರೆಯಿತು. ಅವರ ಗುಡಿಸಲುಗಳಿಗೆ ಹಿಂಬದಿಯಲ್ಲಿ ಅರೆಮರೆಯಾದ ಕಂಡಿಯೊಂದಿರುತ್ತಿತ್ತೆಂದೂ, ಅಪರಿಚಿತರು ಬಂದರೆ ಅದರ ಮೂಲಕ ಕಾಡಿಗೆ ನುಸುಳುತ್ತಿದ್ದರೆಂದೂ ಅಲ್ಲಿಯೇ ಇದೆ. ವರದಿಕಾರರು ಇದನ್ನು ಸಂಕೋಚದ ಸ್ವಭಾವವೆಂದು ತಿಳಿದರು; ಈ ಎರಡು ಮಾತುಗಳನ್ನೂ ಜೊತೆಗಿಟ್ಟು ಓದುವುದು ಯುಕ್ತವೆಂದು ನಮಗೆ ತೋರುತ್ತದೆ.

ಮಾರಾಟವಿಲ್ಲದ ಈ ದಾಸ್ಯವನ್ನು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಶಾಸನಗಳಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ. ಅದರ ಕಾಲವೂ ಆ ಜನಗಣತಿಯ ಕಾಲವೇ. ಸಿಂಬಾವಿ ಹೆಗ್ಗಡೆಯವರ ಆಳು ಗುತ್ತಿ, ಬೆಟ್ಟಳ್ಳಿ ಗೌಡರ ಆಳಿನ ಮಗಳು ತಿಮ್ಮಿ. ಅವಳನ್ನು ತನ್ನ ಆಳಿಗೇ ಕೊಡಿಸಬೇಕೆಂದು ಬೆಟ್ಟಳ್ಳಿಯ ಒಡೆಯನ ಇಚ್ಛೆ. ಆದಕಾರಣ ಪ್ರೀತಿಸಿದವರು ಓಡಿಹೋಗಬೇಕಾಗುತ್ತದೆ. ಹೆಣ್ಣೊಬ್ಬಳು ಮದುವೆಯಾಗಿ ಬೇರೆ ಮನೆಗೆ ಹೋದರೆ ಅವಳ ದುಡಿಮೆಯೂ, ಮುಂದಣ ಮಕ್ಕಳ ದುಡಿಮೆಯೂ ಅತ್ತ ಹೋಗುತ್ತದೆ. ಕಾದಂಬರಿಯನ್ನು ದಾಖಲೆಯೆಂದು ಹಿಡಿಯಬಾರದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಈ ಪ್ರಶ್ನೆಯನ್ನು ಕೇಳಲು ನಮಗೆ ಕಲಿಸಿದುದು ಕಾದಂಬರಿಯೇ.

ಇದೇ ಸೀಮೆಯ ಸಾಗರದಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ವಿವಾದ ಅದರ ಹಿನ್ನೆಲೆಯಲ್ಲಿತ್ತು. ಗೇಣಿದಾರನಿಗೆ ವಾದಿಸಲು ಒಂದು ಅಳತೆಯಾದರೂ ಇತ್ತು. ಜೀತದಾಳಿನ ಸಾಲಕ್ಕೆ ಅದೂ ಇರಲಿಲ್ಲ. ಲೆಕ್ಕದ ಪುಸ್ತಕ ಧಣಿಯ ಕೈಯದು.

ಸಾಲವೇ ದಾಸ್ಯದ ಮೂಲವೆಂಬ ರೂಢಿಯ ಮಾತನ್ನು ಜ್ಞಾನ್ ಪ್ರಕಾಶರು 1990ರಲ್ಲಿ ಪ್ರಶ್ನಿಸಿದರು. ಬಿಹಾರದ ಕಮಿಯಾಗಳನ್ನು ಕುರಿತ ಅವರ ಅಧ್ಯಯನದ ಪ್ರಕಾರ, ಒಡೆಯ-ಆಳುಗಳ ಹಿಂದಿನ ಸಂಬಂಧವನ್ನು ಬ್ರಿಟಿಷ್ ಆಡಳಿತವು ಸ್ವತಂತ್ರ ವ್ಯಕ್ತಿಗಳ ಕರಾರೆಂದು ಭಾವಿಸಿದ ಮೇಲೆಯೇ ಅದು ಸಾಲದ ರೂಪ ತಾಳಿತು. ಮಲೆನಾಡಿನ ಮಣ್ಣಾಳು ಜೀತದಾಳಾದ ಬಗೆಯನ್ನು ಅರಿಯಲು ಇದಕ್ಕಿಂತ ಉಪಯುಕ್ತವಾದ ವಾದವನ್ನು ನಾವು ಕಂಡಿಲ್ಲ. 1956ರ ಪೂರಕ ಒಡಂಬಡಿಕೆಯು ಸಾಲದ ಬಂಧನವನ್ನು ದಾಸ್ಯಸದೃಶ ಪದ್ಧತಿಗಳಲ್ಲಿ ಸೇರಿಸಿತು. ಭಾರತದಲ್ಲಿ 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಹಾಗೂ 1976ರ ಅಧಿನಿಯಮಗಳು ಜೀತದ ಸಾಲಗಳನ್ನೇ ರದ್ದುಗೊಳಿಸಿದುವು.

1982ರಲ್ಲಿ ಸರ್ವೋಚ್ಚ ನ್ಯಾಯಾಲಯವು ದಿಲ್ಲಿಯ ಏಷ್ಯಾಡ್ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಹಸಿವು, ಬಡತನಗಳ ಒತ್ತಾಯದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು. ಇಲ್ಲಿ ಒಡೆಯನಿಲ್ಲ, ಕ್ರಯಪತ್ರವಿಲ್ಲ, ಸಾಲದ ಪತ್ರವೂ ಬೇಕಾಗಿಲ್ಲ. ಆಳಿಗೆ ಬಿಟ್ಟುಹೋಗುವ ದಾರಿಯುಂಟೇ ಎಂಬುದಷ್ಟೇ ಪ್ರಶ್ನೆ. ಹಳೆಯ ಮಲೆನಾಡನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳ ಮುಂದೆ ಮೊದಲು ಇಡಬೇಕಾದುದೂ ಇದೇ ಪ್ರಶ್ನೆ. ಯಾರನ್ನು ಎಷ್ಟಕ್ಕೆ ಮಾರಿದರೆಂಬುದು ಅನಂತರದ ಮಾತು.