ಆಡು-ಹುಲಿ ಆಟದಲ್ಲಿ ಆಡುಗಳ ಯುದ್ಧನೀತಿ

ಯುದ್ಧವನ್ನು ಮಣೆಯ ಮೇಲೆ ಆಡುವ ಆಟಗಳು ಅನೇಕ ದೇಶಗಳಲ್ಲಿ ಉಂಟು. ನಮ್ಮ ಚದುರಂಗವಂತೂ ಆನೆ, ಕುದುರೆ, ರಥ, ಕಾಲಾಳುಗಳ ಚತುರಂಗಬಲವನ್ನು ಹೆಸರಿನಲ್ಲಿಯೇ ಹೊತ್ತಿದೆ. ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ಎಂಬಾತನು 1824ರಲ್ಲಿ ನಕ್ಷೆಯ ಮೇಲೆ ಆಡುವ ಯುದ್ಧದಾಟವನ್ನು ಅಲ್ಲಿಯ ಸೈನ್ಯಕ್ಕೆ ಒದಗಿಸಿದನು. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ 'ಟ್ಯಾಕ್ಟಿಕ್ಸ್' ಎಂಬ ಆಟವನ್ನು ಮಾರಾಟಕ್ಕೆ ತಂದರು. ಇಂಥ ಆಟಗಳಲ್ಲಿ ಏಳುವ ಪ್ರಶ್ನೆಯೊಂದಿದೆ: ತರಬೇತಿಯಿಲ್ಲದ, ದುರ್ಬಲವಾದ ಪಡೆ ಪಾಲಿಗೆ ಬಂದವನು ಹೇಗೆ ಆಡಬೇಕು? ಉತ್ತರಕ್ಕಾಗಿ ಪ್ರಷ್ಯದವರೆಗೆ ಹೋಗಬೇಕಾಗಿಲ್ಲ. ನಮ್ಮ ಕಾಮಸಮುದ್ರದ ಕಡೆ ಬಂಡೆಯ ಮೇಲೆ ಇದ್ದಲಿನಿಂದ ಗೆರೆ ಎಳೆದು ಆಡುವ ಆಡು-ಹುಲಿ ಆಟವೇ ಅದಕ್ಕೆ ಪಾಠಶಾಲೆ. ಮೂರು ಭಾಷೆಗಳು ಕೂಡುವ ಗಡಿ ನಮ್ಮದು. ತೆಲುಗರು ಇದನ್ನು ಪುಲಿ-ಮೇಕ ಎನ್ನುತ್ತಾರೆ, ತಮಿಳರು ಆಡು-ಪುಲಿ ಆಟ್ಟಂ ಎನ್ನುತ್ತಾರೆ.

ಊರಿಂದೂರಿಗೆ ನಿಯಮಗಳು ಸ್ವಲ್ಪ ಬದಲಾಗುವುದುಂಟು. ನಾನು ಹೇಳುವುದು 3 ಹುಲಿ, 15 ಆಡು, 23 ಮನೆಗಳ ಆಟವನ್ನು. ಮೇಲೆ ಒಂದು ನೆತ್ತಿ. ಅಲ್ಲಿಂದ ಕೆಳಕ್ಕೆ ಹರಡಿದ ನಾಲ್ಕು ಓರೆಗೆರೆಗಳು. ಅವನ್ನು ಮೂರು ಅಡ್ಡಗೆರೆಗಳು ಕತ್ತರಿಸಿ ಎರಡು ಕಡೆಗೂ ಹೊರಚಾಚುತ್ತವೆ. ಚಾಚಿದ ತುದಿಗಳನ್ನು ಎಡಕ್ಕೊಂದು, ಬಲಕ್ಕೊಂದು ನೇರಗೆರೆ ಕೂಡಿಸುತ್ತದೆ. ಓರೆಗೆರೆಗಳ ಬುಡವನ್ನು ಒಂದು ಅಡಿಗೆರೆ ಕೂಡಿಸುತ್ತದೆ. ನೆತ್ತಿಯದು 1, ಅಡ್ಡಗೆರೆಗಳಲ್ಲಿ ಆರಾರರಂತೆ 18, ಅಡಿಯಲ್ಲಿ 4. ಒಟ್ಟು 23 ಮನೆಗಳು. ಹುಲಿಗಳು ಮೊದಲೇ ನೆತ್ತಿಯಲ್ಲಿಯೂ ಅದರ ಕೆಳಗೂ ಕುಳಿತಿರುತ್ತವೆ. ಆಡುಗಳನ್ನು ಒಂದೊಂದಾಗಿ ಇಡಬೇಕು. ಹದಿನೈದನ್ನೂ ಇಟ್ಟು ಮುಗಿಯುವತನಕ ಯಾವ ಆಡೂ ನಡೆಯುವಂತಿಲ್ಲ. ಹುಲಿಯು ಪಕ್ಕದ ಆಡನ್ನು ಹಾರಿ, ಅದೇ ಗೆರೆಯಲ್ಲಿ ಅದರ ಹಿಂದಿನ ಮನೆ ಖಾಲಿಯಿದ್ದರೆ ಅಲ್ಲಿಗೆ ಇಳಿದು, ಆಡನ್ನು ತಿನ್ನುತ್ತದೆ. ಆಡಿಗೆ ಹಾರುವ ಶಕ್ತಿಯಿಲ್ಲ. ಹುಲಿಗಳು ಕದಲದಂತೆ ಕಟ್ಟಿಹಾಕುವುದೇ ಅದರ ಗೆಲುವು.

ಆಟಕ್ಕೆ ಕುಳಿತವರೆಲ್ಲ ಹುಲಿಯನ್ನೇ ಬಯಸುತ್ತಾರೆ. ಆಡುಗಳು ಚಿಕ್ಕವರ ಪಾಲಿಗೋ ಹೊಸಬರ ಪಾಲಿಗೋ ಬರುತ್ತವೆ. ಅವರು ಆಡುಗಳನ್ನು ಕಂಡಕಂಡಲ್ಲಿ ಚೆಲ್ಲಿ ಸೋತು, ಆಡುಗಳದು ಸೋಲುವ ಪಕ್ಷವೆಂದು ನಂಬಿಬಿಡುತ್ತಾರೆ. ಆದರೆ ಹುಲಿ ತಿನ್ನುವುದು ಬೆನ್ನ ಹಿಂದೆ ಖಾಲಿಯಿರುವ ಆಡನ್ನು ಮಾತ್ರ ಎಂಬುದನ್ನು ಗಮನಿಸಬೇಕು. ದುರ್ಬಲ ಪಡೆಗೆ ಬೇಕಾದದ್ದು ಶೌರ್ಯಕ್ಕಿಂತ ಮೊದಲು ಬೆನ್ನಿಗೊಂದು ಆಸರೆ.

ಇದನ್ನು ಲೆಕ್ಕದಲ್ಲಿ ನೋಡೋಣ. ಈ 23 ಮನೆಗಳಲ್ಲಿ 7 ಮನೆಗಳು ಎಲ್ಲ ಗೆರೆಗಳ ಕೊನೆಗಳು. ಅಲ್ಲಿ ಕುಳಿತ ಆಡನ್ನು ಯಾವ ಹುಲಿಯೂ ಹಾರಲಾರದು. ಅವು ನೆತ್ತಿ, ಮೇಲಿನ ಅಡ್ಡಗೆರೆಯ ಎರಡು ತುದಿ, ಮೂರನೆಯ ಅಡ್ಡಗೆರೆಯ ಎರಡು ತುದಿ, ಅಡಿಗೆರೆಯ ಎರಡು ತುದಿ. ನೆತ್ತಿಯಲ್ಲಿ ಹುಲಿ ಇರುವುದರಿಂದ ಮೊದಲ ಆರು ಆಡುಗಳು ಉಳಿದ ಆರು ಮನೆಗಳಿಗೆ ಹೋಗಬೇಕು. ಅವುಗಳ ನಡುವೆ ಉಳಿಯುವ ಅಂಚಿನ ನಾಲ್ಕು ಮನೆಗಳಲ್ಲಿ ಇಟ್ಟ ಆಡುಗಳಿಗೆ ಅಕ್ಕಪಕ್ಕದವೇ ಆಸರೆ. ಹೀಗೆ ಹತ್ತು ಆಡುಗಳು ಒಂದೂ ಸಾಯದೆ ಬೇಲಿಯಂತೆ ನಿಲ್ಲುತ್ತವೆ. ಅನಂತರ ಆ ಬೇಲಿಗೆ ಬೆನ್ನು ಕೊಟ್ಟು ಮೂರನೆಯ ಅಡ್ಡಗೆರೆಯ ಒಳಮನೆಗಳನ್ನು ತುದಿಯಿಂದ ನಡುವಿಗೆ ತುಂಬಬೇಕು.

ಹುಲಿಯೇನು ಸುಮ್ಮನಿರುವುದಿಲ್ಲ, ಬೇಲಿಯನ್ನು ತಡೆಯಲು ತಾನೇ ಬಂದು ಅಂಚಿನಲ್ಲಿ ಕೂರುತ್ತದೆ. ಆಗ ಹೆದರಬೇಕಾಗಿಲ್ಲ. ಎರಡನೆಯ ಅಡ್ಡಗೆರೆಯ ನಟ್ಟನಡುವಿನ ಮನೆಯಲ್ಲಿರುವ ಹುಲಿಯನ್ನು ಆಡುಗಳಿಂದಲೇ ಕಟ್ಟಬೇಕಾದರೆ ಸುತ್ತ ನಾಲ್ಕು, ಅವುಗಳ ಹಿಂದೆ ನಾಲ್ಕು, ಒಟ್ಟು 8 ಆಡುಗಳು ಬೇಕು. ಮೂಲೆಯಲ್ಲಿರುವ ಹುಲಿಗೆ 4 ಸಾಕು. ಮೂರು ಹುಲಿಗಳೂ ಮೂಲೆ ಸೇರಿದರೆ 12 ಆಡುಗಳು ಸಾಕಾಗಿ, ಮೂರು ಮಿಗುತ್ತವೆ. ಆದುದರಿಂದ ಹುಲಿಯನ್ನು ಅಟ್ಟಿಕೊಂಡು ಹೋಗಬಾರದು. ನಡುವಿನಲ್ಲಿ ಅದಕ್ಕೆ ಜಾಗವಿಲ್ಲದಂತೆ ಮಾಡಬೇಕು. ಒಂದು ಆಡೂ ಸಾಯದಿದ್ದರೆ ಕೊನೆಗೆ ಖಾಲಿ ಉಳಿಯುವುದು 5 ಮನೆ. ಪ್ರತಿಯೊಂದು ಸಾವೂ ಹುಲಿಗೆ ಇನ್ನೊಂದು ಮನೆಯನ್ನು ಕೊಡುತ್ತದೆ. ಎಲ್ಲ ಆಡುಗಳನ್ನೂ ಇಟ್ಟ ಮೇಲೆ ನಡೆಸುವಾಗ, ಹೋಗುವ ಮನೆಗಿಂತ ಬಿಟ್ಟು ಹೋಗುವ ಮನೆಯನ್ನು ಮೊದಲು ನೋಡಬೇಕು. ಅದು ಯಾರ ಬೆನ್ನಾಗಿತ್ತು ಎಂದು ಕೇಳಿಕೊಳ್ಳದೆ ಕೈ ಎತ್ತಬಾರದು.

ನಿಜವಾದ ದಂಡಿನ ಮಾತೂ ಇದೇ. ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯು ಮೊದಲನೆಯ ಮೈಸೂರು ಯುದ್ಧದಲ್ಲಿ ತನ್ನ ಹಗುರ ಕುದುರೆಪಡೆಯನ್ನು, ಕವಾಯತು ಕಲಿತ ಕಂಪನಿಯ ಕಾಲಾಳುಗಳ ಎದುರಿಗೆ ಒಡ್ಡುವುದಕ್ಕಿಂತ, ಅವರ ದವಸಧಾನ್ಯಗಳ ದಾರಿ ಕಡಿಯಲು ಬಳಸಿದನು. 1769ರಲ್ಲಿ ಮದರಾಸಿನ ಬಾಗಿಲಿಗೇ ಬಂದು ಒಪ್ಪಂದ ಮಾಡಿಸಿಕೊಂಡನು. ಅದಕ್ಕೆ ಮುಂಚೆ, 1768ರ ಅಕ್ಟೋಬರಿನಲ್ಲಿ ಮುಳಬಾಗಿಲಿನ ಬಳಿ ಅವನ ಸೈನ್ಯವು ಕರ್ನಲ್ ವುಡ್‌ನ ಪಡೆಯನ್ನು ಒತ್ತರಿಸಿಕೊಂಡು ಬರುತ್ತಿದ್ದಾಗ, ಸಾಮಾನು ಕಾಯುತ್ತಿದ್ದ ಕ್ಯಾಪ್ಟನ್ ಬ್ರೂಕ್ ಎರಡು ಫಿರಂಗಿಗಳನ್ನು ಬಂಡೆಯೊಂದರ ಮೇಲಕ್ಕೆ ಏರಿಸಿ, ಕರ್ನಲ್ ಸ್ಮಿತ್ ಬಂದನೆಂದು ತನ್ನವರಿಂದ ಕೂಗಿಸಿದನು. ಬಾರದ ಸೈನ್ಯ ಬಂದಿತೆಂದು ನಂಬಿ ಹೈದರನ ಸಾಲುಗಳು ಹಿಂಜರಿದವು. ವುಡ್‌ಗೆ ಉಸಿರಾಡಲು ಸಮಯ ಸಿಕ್ಕಿತು. ಹೆಚ್ಚು ಜನವಿದ್ದ ಮಾತ್ರಕ್ಕೆ ಪಡೆ ನಿಲ್ಲುವುದಿಲ್ಲ. ಪಕ್ಕವೂ ಬೆನ್ನೂ ಭದ್ರವೆಂಬ ನಂಬಿಕೆಯೇ ಅದನ್ನು ನಿಲ್ಲಿಸುವುದು.

ಮೇಲಿನ ಲೆಕ್ಕವನ್ನು ನಾನು ಕಾಗದದ ಮೇಲೆ ಗೆರೆ ಎಳೆದು, ಮನೆಮನೆಯನ್ನೂ ಎಣಿಸಿ ಮಾಡಿದೆನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಕ್ಷರ ಬಾರದ ನನ್ನ ತಂದೆಯವರು ಹುಲಿಯನ್ನು ಇತರರಿಗೆ ಬಿಟ್ಟುಕೊಟ್ಟು ತಾವು ಆಡುಗಳನ್ನೇ ಆರಿಸಿಕೊಳ್ಳುತ್ತಾರೆ. ಮೊದಲ ಆಡನ್ನು ತಪ್ಪದೆ ಮೂಲೆಗೇ ಇಡುತ್ತಾರೆ. ಏಕೆಂದು ಅವರು ಎಂದೂ ವಿವರಿಸಿದವರಲ್ಲ. ವಿವರಿಸೆಂದು ಕೇಳಿದವರೂ ಇಲ್ಲ. ನಮ್ಮ ಹಳ್ಳಿಗಳ ಎಷ್ಟೋ ತಿಳಿವಳಿಕೆ ಹೀಗೆ ಕೈಯಲ್ಲಿಯೇ ಇದ್ದು, ಆ ಕೈಗಳೊಡನೆಯೇ ಹೊರಟುಹೋಗುತ್ತದೆ. ಅದನ್ನು ಕೇಳಿ ಬರೆದಿಡುವುದು ಓದು ಕಲಿತ ನಮ್ಮ ಪಾಲಿನ ಕೆಲಸ. ಸಹಪಾಠಿಗಳೂ ಪೂಜ್ಯ ಅಧ್ಯಾಪಕರೂ ಬಿಡುವಿದ್ದಾಗ ಒಮ್ಮೆ ಈ ಆಟಕ್ಕೆ ಕುಳಿತು ನೋಡಬೇಕೆಂದು ನನ್ನ ಬಿನ್ನಹ. ಆದರೆ ಆಡುಗಳ ಪಕ್ಷವನ್ನು ತಾವೇ ಕೇಳಿ ಪಡೆಯಬೇಕು.